ಸಾಹಿತ್ಯ: ದಮಯಂತಿ ಲೋಕನಾಥ, ಬಿ.ಎ.

ಮಧೂರು
12 ಆಗಸ್ಟ್ 2024

ಚಿ. ಮೋಕ್ಷಿತಾಳಿಗೆ,

ನಾನು ದಮಯಂತಿಯಕ್ಕ. ಕಾಗದ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಮೂರು ವರ್ಷದಿಂದ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಇಟ್ಟಿದ್ದೀ. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ ನೋಡು. ವಿಳಾಸ ಕೊಟ್ಟದ್ದು ಸ್ಟುಡಿಯೋದ ಅಶ್ಕರ್. "ಎಂತಕ್ಕೆ ದಮಯಂತಿಯಕ್ಕ, ಅವಳು ಈಗ ದೊಡ್ಡ ಜನ" ಎಂದ. "ದೊಡ್ಡ ಜನಕ್ಕೂ ಡೋರ್ ನಂಬರ್ ಇರ್ತದಲ್ಲ ಮಾರಾಯ" ಎಂದೆ. ಕೊಟ್ಟ.

ಮೊನ್ನೆ ಪೆರ್ಲದಿಂದ ಬರುವ ಬಸ್ಸಿನಲ್ಲಿ ನಿನ್ನ 'ಕೊರಳು ನನ್ನದು' ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಫೋನಿನಲ್ಲಿ ಹಾಕಿದ್ದರು. ಒಬ್ಬಳು ಕಿಟಕಿಗೆ ಹಣೆ ಒತ್ತಿ ಅಳುತ್ತಿದ್ದಳು. ಗೆಳತಿ ಬೆನ್ನು ತಟ್ಟಿ, "ಸ್ವಲ್ಪ ತಡಿ ಮಾರಾಯ್ತಿ, ಎರಡನೇ ಚರಣ ಬರ್ಲಿ, ನಿಂಗೆ ಕಮ್ಮಿ ಆಗ್ತದೆ" ಎಂದಳು. ಜ್ವರದ ಮಾತ್ರೆ ಕೊಟ್ಟ ಹಾಗೆ. ಎರಡನೇ ಚರಣ ಬಂತು, ಅವಳಿಗೆ ಕಮ್ಮಿಯೂ ಆಯಿತು. ನನಗೆ ಮಾತ್ರ ಏರಿತು. ಯಾಕೆಂದರೆ ಮೊದಲನೇ ಚರಣದಲ್ಲಿ, ನಿನ್ನನ್ನು ಬಿಟ್ಟುಹೋದವನ ಮಾತು ಎಂದು ದನಿ ಗಡುಸು ಮಾಡಿ ನೀನು ಹಾಡುವ ನಾಲ್ಕು ಸಾಲು ಉಂಟಲ್ಲ:

ಕಟ್ಟಿದ ಗಂಟಿದು ಸಡಿಲಿತು, ಬಿಡು,
ಕೊಟ್ಟುದನೆಲ್ಲವ ಮರಳಿಸಿ ಕೊಡು;
ಮುಟ್ಟದಿರೆನ್ನಯ ಹೆಸರಿನ ನೆರಳ,
ಬಿಟ್ಟೆನು ದಡವ, ನೀ ಬಿಡು ಕೊರಳ.

ಅದು ನನ್ನದು.

ಫೆಬ್ರವರಿ 2021ರಲ್ಲಿ, ನನ್ನ ಮಗ ಉಜ್ವಲ್ ಹಡಗು ಹತ್ತಿದ ಮರುವಾರ, ಅವನು ಕಳಿಸಿದ್ದೆಂದು ಒಂದು ಟೈಪ್ ಮಾಡಿದ ಕಾಗದವನ್ನು ನಾನೇ ನಿನ್ನ ಕೈಗೆ ಕೊಟ್ಟೆನಲ್ಲ, ಅದರಲ್ಲಿದ್ದ ಪದ್ಯ. ಅವನು ಇಂಗ್ಲಿಷ್ ಮೀಡಿಯಂ. ಬಸ್ಸಿನ ಕನ್ನಡ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಕುಂಬಳೆ ದಾಟಿರುತ್ತದೆ. ಅವನಿಗೆ ಆದಿಪ್ರಾಸ ಎಲ್ಲಿಂದ ಬರಬೇಕು? ಅವನು ವಿಷಯ ಹೇಳಿದ, ನಾನು ಪದ್ಯ ಹೆಣೆದೆ. ಬಿಟ್ಟದ್ದು ಅವನು, ಪ್ರಾಸ ಇಟ್ಟದ್ದು ನಾನು.

ಅಶ್ಕರನ ಸ್ಟುಡಿಯೋದಲ್ಲಿ ಆರು ವರ್ಷ ನನ್ನ ಮದುವೆ ಹಾಡುಗಳನ್ನು ಹಾಡಿದವಳು ನೀನು. ನಮ್ಮ ಕಡೆ ಮದುವೆಗೆ ಊಟದಲ್ಲಿ ಉಪ್ಪು ತಪ್ಪಿದರೂ ಮದುಮಕ್ಕಳ ಹೆಸರು ಸೇರಿಸಿದ ಹಾಡು ತಪ್ಪುವುದಿಲ್ಲ. ಯಾರಿಗೆ, ಯಾರ ಪರವಾಗಿ, ವಿಷಯ ಎಂತ, ಕೀಟಲೆಗೆ ಒಂದು ಅಭ್ಯಾಸ: ಇಷ್ಟು ಫಾರಂ ತುಂಬಿಸಿ ಕೊಟ್ಟರೆ ನಾಲ್ಕು ದಿನದಲ್ಲಿ ಹಾಡು. ಇಪ್ಪತ್ತು ವರ್ಷ ಬರೆದೆ. ಎಲ್ಲದರಲ್ಲೂ ಎರಡೆರಡು ಹೆಸರು ಉಂಟು, ಒಂದರಲ್ಲೂ ನನ್ನದಿಲ್ಲ. ನನ್ನ ಫೋನಿನಲ್ಲಿ ಹುಡುಕಿ, ನಿನ್ನ ಹಾಡಿನಡಿಯಲ್ಲಿ 'ಸಾಹಿತ್ಯ: ಮೋಕ್ಷಿತಾ' ಎಂದು ಕಂಡಾಗ ಬಸ್ಸಿನಿಂದ ಇಳಿಯಬೇಕಾದ ಸ್ಟಾಪ್ ಬಿಟ್ಟುಹೋಯಿತು.

ಹೆಸರು ಹಾಕಿಸು. ಬೇರೇನೂ ಬೇಡ. ಮರುಚರಣ ನಿನ್ನದೇ ಎಂದು ಗೊತ್ತಾಗುತ್ತದೆ, ಪ್ರಾಸ ಸ್ವಲ್ಪ ಕುಂಟುತ್ತದೆ.

ನಿನ್ನ ಹಳೆಯ ಪದಗಾರ್ತಿ,
ದಮಯಂತಿ


ಮಂಗಳೂರು
24 ಆಗಸ್ಟ್ 2024

ದಮಯಂತಿಯಕ್ಕ,

ನಿಮ್ಮ ಕಾಗದ ಸಿಕ್ಕಿತು. ಮೊದಲು ಓದಿದ್ದು ನನ್ನ ಮ್ಯಾನೇಜರ್ ಸಜ್ನಾ. ನನಗೆ ಬರುವ ಕಾಗದಗಳನ್ನು ಅವಳೇ ಓದುವುದು. ಬಿಟ್ಟುಹೋದವರ ಬಗ್ಗೆ ಹೆಣ್ಣುಮಕ್ಕಳು ಬರೆಯುತ್ತಾರೆ, ವಾರಕ್ಕೆ ಒಂದು ಚೀಲ. ನಿಮ್ಮದನ್ನೂ ಹಾಗೆಯೇ ಅಂದುಕೊಂಡು ಒಡೆದಳು. ಓದಿ, "ಇದು ಬಿಡಿಸಿದವರ ಕಾಗದ" ಎಂದು ನನ್ನ ಮೇಜಿನ ಮೇಲಿಟ್ಟಳು.

ಆ ನಾಲ್ಕು ಸಾಲನ್ನು ನಾನು ಎಲ್ಲಿಂದಲೂ ಕದ್ದಿಲ್ಲ. ನನಗೆ ಕೊಟ್ಟದ್ದು. ಅದನ್ನು ಓದಿದ ಮೇಲೆ ಹನ್ನೊಂದು ದಿನ ನನ್ನ ದನಿ ಹೋಗಿತ್ತು. ಅಮ್ಮ ಮೆಣಸಿನ ಕಷಾಯ ಮಾಡಿ ಮಾಡಿ ಕೊಟ್ಟಳು. ಹನ್ನೆರಡನೇ ದಿನ ಗಂಟಲು ಬಿಟ್ಟಾಗ ಮೊದಲು ಹೊರಗೆ ಬಂದದ್ದು ಆ ಸಾಲುಗಳೇ, ರಾಗ ಸಮೇತ. ಯಾರ ಪ್ರಾಸವೋ ಏನೋ, ರಾಗ ನನ್ನದು.

ಅವನೇ ಬರೆದದ್ದಲ್ಲ ಎಂದು ಆಗಲೇ ಅನುಮಾನ ಇತ್ತು. ಬರೆಸಿದ್ದು ನಿಮ್ಮಿಂದ ಎಂದು ಗೊತ್ತಿರಲಿಲ್ಲ. ಹಾಗಾದರೆ ಒಂದು ಹೇಳಿ. ಅವನು ನಿಮ್ಮೆದುರು ಕೂತು ಹೇಳಿದನಾ? ಏನು ಹೇಳಿದ? ಯಾವ ಮುಖ ಮಾಡಿ ಹೇಳಿದ? ಅದನ್ನು ಬರೆಯಿರಿ, ಆಮೇಲೆ ಹೆಸರಿನ ಮಾತು.

ಮೋಕ್ಷಿತಾ


ಮಧೂರು
5 ಸೆಪ್ಟೆಂಬರ್ 2024

ಚಿ. ಮೋಕ್ಷಿತಾ,

ಕೇಳಿದ್ದೀ, ಹೇಳುತ್ತೇನೆ. ಆಮೇಲೆ ನೊಂದೆ ಎನ್ನಬಾರದು, ಬೆಂದೆ ಎನ್ನಬಾರದು.

ಹೊರಡುವ ಎರಡು ದಿನ ಮೊದಲು, ಬೆಳಿಗ್ಗೆ. ಜಗಲಿಯಲ್ಲಿ ಚಾ ಕುಡಿಯುತ್ತಿದ್ದ. ಬನ್ನು ಅದ್ದಿ ಅದ್ದಿ ತಿನ್ನುತ್ತಿದ್ದ. "ಅಮ್ಮ, ಅವಳಿಗೊಂದು ಬರೆದುಕೊಡು, ನನಗೆ ಸಾಕಾಗಿದೆ" ಎಂದ. "ಎಂತ ಸಾಕಾದದ್ದು?" ಎಂದು ಕೇಳಿದೆ. "ಎಲ್ಲದಕ್ಕೂ ಹಾಡು, ಎಲ್ಲದಕ್ಕೂ ಕಣ್ಣೀರು, ಒಂದು ಹುಡುಗಿ ಅಂತ ಅಂದುಕೊಂಡಿದ್ದೆ, ಇದು ಆರ್ಕೆಸ್ಟ್ರಾ" ಎಂದು ನಕ್ಕ. ಮುಖದಲ್ಲಿ ಎಂತದೂ ಇರಲಿಲ್ಲ. ಬನ್ನಿನ ಚೂರು ಇತ್ತು.

ಇಷ್ಟೇ. ನಿನಗೆ ಮುಂದಿನ ಹಾಡಿಗೂ ಆಯಿತು.

ಅಂದ ಹಾಗೆ ಅವನು ಚೆನ್ನಾಗಿದ್ದಾನೆ. ಕಳೆದ ವರ್ಷ ಮದುವೆ ಆಯಿತು, ಅಡೂರಿನ ಹುಡುಗಿ, ತೃಪ್ತಿ. ಹೆಸರಿಗೆ ತಕ್ಕ ಹಾಗೆ, ಕೊಟ್ಟದ್ದು ತಿಂದು ಹೇಳಿದ್ದು ಕೇಳಿಕೊಂಡು ಇರುತ್ತಾಳೆ. ಅವನು ಜುಲೈ ಕೊನೆಗೆ ಮತ್ತೆ ಹಡಗಿಗೆ ಹೋದ. ಇವಳಿಗೀಗ ಮೂರು ತಿಂಗಳು. ತಮಾಷೆ ಎಂದರೆ, ಬಟ್ಟೆ ಮಡಚುವಾಗ ಇವಳು ಹಾಕುವುದು ನಿನ್ನ ಹಾಡೇ. "ಆ ಹುಡುಗ ಎಷ್ಟು ಕ್ರೂರಿ ಅಲ್ಲವಾ ಅತ್ತೆ?" ಎಂದು ಮೊನ್ನೆ ಕೇಳಿದಳು. "ಮಡಚು, ಮಡಚು, ಅಂಗಿಯ ಕಾಲರ್ ಸರಿ ಮಡಚು" ಎಂದೆ. ಅಂಗಿ ಅವನದೇ.

ಇನ್ನು ಸಾಕ್ಷಿ. ನನ್ನ ಪದ್ಧತಿ ನಿನಗೆ ಗೊತ್ತುಂಟು. ವಾಟ್ಸಾಪಿನಲ್ಲಿ ಕಳಿಸಿದ ಒಂದು ಹಾಡು ನಾಲ್ಕು ಮದುವೆ ಸುತ್ತಿ ಬಂದ ಮೇಲೆ, ನಾನು ಬರೆದದ್ದರ ಒಂದು ಪ್ರತಿಯನ್ನು ನನಗೇ ರಿಜಿಸ್ಟರ್ಡ್ ಪೋಸ್ಟ್ ಮಾಡುತ್ತೇನೆ. ಬಂದದ್ದನ್ನು ಒಡೆಯದೆ ಕಪಾಟಿನಲ್ಲಿ ಇಡುತ್ತೇನೆ. ಮೇಲೆ ಅಂಚೆಯ ಮುದ್ರೆ, ಒಳಗೆ ನನ್ನ ಪದ್ಯ. ಒಡೆದರೆ ಸಾಕ್ಷಿ ಸತ್ತಿತು. ಪೋಸ್ಟಿಗೆ ಹೋಗುವುದು ನಮ್ಮ ಮನೆಯವರು, ಲೋಕನಾಥರು. ಅವರ ಒಂದು ಕೆಟ್ಟ ಅಭ್ಯಾಸ: ಕೌಂಟರಿನಲ್ಲಿ ಎರಡೆರಡು ಫಾರಂ ತುಂಬಿಸುವುದು ಉದಾಸೀನ. ಒಮ್ಮೆ ಸೀತಾಂಗೋಳಿಯ ಮದುವೆಯನ್ನೂ ಬದಿಯಡ್ಕದ ಮದುವೆಯನ್ನೂ ಒಂದೇ ಕವರಿಗೆ ತುರುಕಿದ್ದರು. ಎರಡು ಜೋಡಿಯೂ ಸುಖವಾಗಿಯೇ ಉಂಟು.

ನಿನ್ನ ಆ ಪದ್ಯದ ಕವರೂ ಉಂಟು. 9 ಫೆಬ್ರವರಿ 2021ರ ಮುದ್ರೆ. ಮಗನ ಖಾಸಗಿ ವಿಷಯ, ರಿಜಿಸ್ಟರ್ ಮಾಡಬಾರದಿತ್ತು ಎನ್ನುತ್ತೀ. ಆದರೆ ನಾಲ್ಕು ಸಾಲಿಗೆ ನಾಲ್ಕು ಒತ್ತಕ್ಷರ ಅಷ್ಟು ಸಲೀಸಾಗಿ ಬಿದ್ದಾಗ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಹೆಸರಿಗಾಗಿ ಕಾದಿರುವ,
ದಮಯಂತಿ


ಮಂಗಳೂರು
30 ಸೆಪ್ಟೆಂಬರ್ 2024

ದಮಯಂತಿಯಕ್ಕ,

ಬನ್ನಿನ ಚೂರಿಗೆ ಥ್ಯಾಂಕ್ಸ್. ನಾನು ಅವನ ಮುಖದಲ್ಲಿ ಬೇರೇನೋ ಇದ್ದಿರಬಹುದೆಂದು ಮೂರೂವರೆ ವರ್ಷದಿಂದ ಕಲ್ಪಿಸಿಕೊಂಡಿದ್ದೆ. ವೇದಿಕೆಯಲ್ಲಿ ಆ ಚರಣ ಹಾಡುವಾಗ ಕಣ್ಣು ಮುಚ್ಚುತ್ತೇನೆ. ಜನ ಅದನ್ನು ಅಭಿನಯ ಅಂದುಕೊಳ್ಳುತ್ತಾರೆ. ಮೊನ್ನೆ ಉಡುಪಿಯಲ್ಲಿ ಕಣ್ಣು ಮುಚ್ಚಿದಾಗ ಬನ್ನು ಕಂಡಿತು. ತೆರೆದುಬಿಟ್ಟೆ. ಕಣ್ಣು ತೆರೆದು ಹಾಡಿದ್ದು ಇನ್ನೂ ಜೋರಾಗಿ ಬಂತಂತೆ, ಸಜ್ನಾ ಹೇಳಿದಳು.

'ನೆರಳು ನಿನ್ನದು, ಹೊತ್ತುಕೊಂಡು ನಡೆ. ಕೊರಳು ನನ್ನದು, ಎತ್ತಿ ಹಾಡುವೆ, ತಡೆ!' ಇದು ನಿಮಗೆ ಕುಂಟುತ್ತದೆ. ಇರಲಿ. ಕುಂಟಿಕೊಂಡೇ ಇದು ಎಲ್ಲಿಯವರೆಗೆ ಹೋಯಿತು ಎಂದು ನಿಮ್ಮ ಸೊಸೆಯನ್ನು ಕೇಳಿ.

ಹೆಸರಿನ ವಿಷಯ. ಹಾಡು ಬಿಡುಗಡೆ ಮಾಡಿದವರ ವಕೀಲರಿಗೆ ಸಾಕ್ಷಿ ಬೇಕಂತೆ. ಒಡೆಯದ ಕವರನ್ನು ಹಾಗೆಯೇ ಕಳಿಸಿ. ಅವರೆದುರು ಒಡೆಯುತ್ತೇವೆ. ಒಳಗೆ ಆ ಪದ್ಯ ಇದ್ದರೆ, ಕವರಿನಲ್ಲಿದ್ದುದನ್ನು ನಾನು ಹಾಡಿದಲ್ಲೆಲ್ಲ ನಿಮ್ಮ ಹೆಸರು ಹಾಕುತ್ತೇವೆ, ಮತ್ತೆ ಯಾರು ಹೇಳಿದರೂ ತೆಗೆಯುವ ಹಾಗಿಲ್ಲ ಎಂದು ಒಪ್ಪಂದ ಆಗುತ್ತದೆ. ಫಾರಂ ಇದರ ಜೊತೆ ಇದೆ, ಸಹಿ ಹಾಕಿ.

ನವೆಂಬರ್ ಮೂವತ್ತಕ್ಕೆ ಕಾಸರಗೋಡಿನಲ್ಲಿ ಕಾರ್ಯಕ್ರಮ ಇದೆ. ಬನ್ನಿ.

ಮೋಕ್ಷಿತಾ


ಮಧೂರು
9 ಅಕ್ಟೋಬರ್ 2024

ನನ್ನ ಮುದ್ದು ಮೋಕ್ಷಿತಾ,

ಕವರ್ ಇದರೊಂದಿಗೆ ಉಂಟು. ಸಹಿಯೂ ಉಂಟು. ಕವರಿನ ಬಾಯಿಗೆ ಹಾಕಿದ ಮೇಣದಲ್ಲಿ ಒಂದು ಇರುವೆ ಅಂಟಿಕೊಂಡಿದೆ, ಅದು ಸಾಕ್ಷಿಗೆ ತೊಂದರೆ ಮಾಡುವುದಿಲ್ಲ.

ಹೆಸರನ್ನು ಹೀಗೆ ಹಾಕಿಸು: ದಮಯಂತಿ ಲೋಕನಾಥ, ಬಿ.ಎ. ಬಿ.ಎ. ಬಿಡಬಾರದು. ಕಾಸರಗೋಡು ಕಾಲೇಜಿನಲ್ಲಿ ಕನ್ನಡ ಮೇಜರಿನಲ್ಲಿ ಎರಡನೇ ರ‍್ಯಾಂಕು. ಆಮೇಲೆ ಸರ್ಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆಗೆ ಮಲಯಾಳದ ಪೇಪರ್ ಅಡ್ಡ ಬಂತು, ಮದುವೆ ಉದ್ದ ಬಂತು. ಈ ಇಪ್ಪತ್ತು ವರ್ಷ ಊರಿನವರು ನನ್ನನ್ನು ಕರೆದದ್ದು 'ಮದುವೆ ಹಾಡಿನ ಹೆಂಗಸು' ಎಂದು. ವಿಲ್ಲೇಜ್ ಆಫೀಸಿನಲ್ಲಿ ಕೂಡ ಆ ಕ್ಲಾರ್ಕು, "ಹೋ, ಪಾಟ್ಟುಕಾರಿ ಬಂದ್ರಾ?" ಎನ್ನುತ್ತಾನೆ. ನಾನು ಹಾಡುವವಳಲ್ಲ, ಬರೆಯುವವಳು ಎಂದರೆ ಅವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೋಕ್ಷಿತಾ, ನಿನ್ನ ಹಾಡಿನ ಅಡಿಯಲ್ಲಿ ನನ್ನ ಹೆಸರು ಕಂಡ ದಿನ ಅವನ ಮೇಜಿನ ಮೇಲೆ ಫೋನ್ ಇಟ್ಟು ತೋರಿಸಿ ಬರುತ್ತೇನೆ.

ಉಜ್ವಲನಿಗೆ ಈಗಲೇ ಹೇಳಿಲ್ಲ. ಬಂದರು ಸಿಕ್ಕಿದಾಗ ಅವನೇ ನೋಡಲಿ, ತಾಯಿಯ ಹೆಸರು ಎಂದು ಹಿಗ್ಗಲಿ. ಅವನು ನಿನ್ನನ್ನು ಮರೆತು ಯಾವ ಕಾಲವಾಯಿತು, ಅದರಿಂದ ಯಾರಿಗೂ ನೋವಾಗಲಿಕ್ಕಿಲ್ಲ.

ಹಬ್ಬದ ಮನಸ್ಸಿನ,
ದಮಯಂತಿ ಲೋಕನಾಥ, ಬಿ.ಎ.


ಮಂಗಳೂರು
8 ನವೆಂಬರ್ 2024

ದಮಯಂತಿಯವರಿಗೆ,

ಕವರನ್ನು ಒಡೆದೆವು. ವಕೀಲರು ಒಡೆದರು, ಸಜ್ನಾ ವಿಡಿಯೋ ಮಾಡಿದಳು, ನಾನು ಓದಿದೆ. ನಿಮ್ಮ ಲೋಕನಾಥರ ಉದಾಸೀನ ದೊಡ್ಡದು. ಕವರಿನಲ್ಲಿ ಎರಡು ಹಾಳೆ ಇದ್ದವು.

ಎರಡೂ ನಿಮ್ಮದೇ ಕೈಬರಹ. ಎರಡಕ್ಕೂ ನಿಮ್ಮ ಪದ್ಧತಿಯಂತೆ ತಲೆಬರಹ. ಮೊದಲನೆಯದು: 'ಯಾರಿಗೆ: ಮೋಕ್ಷಿತಾ. ಯಾರ ಪರವಾಗಿ: ಉಜ್ವಲ್. ವಿಷಯ: ಬಿಟ್ಟೆ.' ಅದರ ಕೆಳಗೆ ನಾನು ಹಾಡುವ ನಾಲ್ಕು ಸಾಲು.

ಎರಡನೆಯದು: 'ಯಾರಿಗೆ: ಉಜ್ವಲ್. ಯಾರ ಪರವಾಗಿ: ಮೋಕ್ಷಿತಾ. ವಿಷಯ: ಬಿಟ್ಟೆ.' ಅದರ ಕೆಳಗೆ ಇದು:

ಕಡಲಿಗೆ ಹೋದವಗೆ ಕಾಯುವುದಿಲ್ಲ,
ಒಡವೆಯ ಕನಸೂ ಕಾಡುವುದಿಲ್ಲ;
ಗಡಿಯಲಿ ನಿಂತೆನು, ದಾಟಿದೆನೀಗ,
ಹುಡುಕಲು ಬರದಿರು, ಹಾಕಿದೆ ಬೀಗ.

ಈ ಪದ್ಯ ನನಗೆ ಗೊತ್ತು. ಆ ಫೆಬ್ರವರಿಯಲ್ಲಿ ನೀವೇ ಸ್ಟುಡಿಯೋಗೆ ತಂದು, "ಪುತ್ತಿಗೆ ಕಡೆಯ ಮದುವೆ, ಹುಡುಗಿಯ ಗೆಳತಿಯರ ಕೀಟಲೆ ಪದ್ಯ, ಬರೆದುಕೋ" ಎಂದಿರಿ. ಹಾಡುವವಳು ತನ್ನ ಕೈಯಲ್ಲೇ ನಕಲು ಮಾಡಿ ಅಡಿಯಲ್ಲಿ ಹೆಸರು ಹಾಕಬೇಕು ಎಂಬುದು ಅಶ್ಕರನ ನಿಯಮ. ಬರೆದೆ. ಹೆಸರು ಹಾಕಿದೆ. ಹಾಳೆಯನ್ನು ನೀವು ತೆಗೆದುಕೊಂಡು ಹೋದಿರಿ. ರೆಕಾರ್ಡಿಂಗ್ ಆಗಲೇ ಇಲ್ಲ. ಕೇಳಿದ್ದಕ್ಕೆ, "ಆ ಮದುವೆ ಮುರಿಯಿತು" ಎಂದಿರಿ.

ಸುಳ್ಳಾಡಲಿಲ್ಲ ನೀವು.

ಹಾಗಾದರೆ ಜಗಲಿ ಇಲ್ಲ, ಚಾ ಇಲ್ಲ, ಬನ್ನು ಇಲ್ಲ. ಅವನು ನಿಮಗೆ ಏನೂ ಹೇಳಿರಲಿಲ್ಲ. ನನ್ನ ಕೈಬರಹದ ಆ ಹಾಳೆ ಅವನ ಕೈಗೆ ಹೋಯಿತು, ನಿಮ್ಮ ಟೈಪ್ ಮಾಡಿದ ಹಾಳೆ ನನ್ನ ಕೈಗೆ ಬಂತು. ಅವನು ನನ್ನನ್ನು ಬ್ಲಾಕ್ ಮಾಡಿದ, ನಾನು ಅವನನ್ನು. ನೆಟ್‌ವರ್ಕ್ ಇಲ್ಲದ ನೀರಿನ ಮೇಲೆ ಅವನಿದ್ದ ಒಂಬತ್ತು ತಿಂಗಳಲ್ಲಿ ಎಲ್ಲ ಒಣಗಿ ಗಟ್ಟಿಯಾಯಿತು. ಎಷ್ಟು ಚೆನ್ನಾಗಿ ಕೂಡಿಸಿದ್ದೀರಿ! ಆದಿಪ್ರಾಸ, ಅಂತ್ಯಪ್ರಾಸ, ಎರಡೂ.

ಕೇಳಿ. ಸಾಕ್ಷಿ ಸಿಕ್ಕಿತು, ವಕೀಲರು ಒಪ್ಪಿದರು. ನೀವು ಕೇಳಿದ್ದು ನಿಮಗೆ ಸಿಗುತ್ತದೆ, ಬಿ.ಎ. ಸಹಿತ.

ಮೋಕ್ಷಿತಾ


ಮಧೂರು
14 ನವೆಂಬರ್ 2024

ಮೋಕ್ಷಿತಾ,

ಹೆಸರು ಬೇಡ. ನಾನು ಕೇಳಿಯೇ ಇಲ್ಲ ಎಂದು ಮಾಡು. ಕವರನ್ನು ವಾಪಸು ಕಳಿಸು, ಇಲ್ಲವೇ ಸುಡು.

ನಾಲ್ಕು ದಿನದಿಂದ, ಅಶ್ಕರನಿಂದ ಪಡೆದ ನಿನ್ನ ಹೊಸ ನಂಬರಿಗೆ ಫೋನ್ ಮಾಡುತ್ತಿದ್ದೇನೆ. ಅವನ ಫೋನಿನಿಂದಲೂ ಮಾಡಿದೆ. "ಎಂತ ಆಯ್ತು ದಮಯಂತಿಯಕ್ಕ, ಇಷ್ಟು ಅರ್ಜೆಂಟ್?" ಎಂದು ಅವನು ಕೇಳಿದ. ಮದುವೆ ಹಾಡಿನ ವಿಷಯ ಎಂದೆ.

ಯಾಕೆ ಮಾಡಿದಿರಿ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ, ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ಅಮ್ಮ ಸುಂದರಿ ಹನ್ನೊಂದು ವರ್ಷ ನಮ್ಮ ಹಿಂಬಾಗಿಲಿನಿಂದ ಬಂದು, ಪಾತ್ರೆ ತೊಳೆದು, ಹಿಂಬಾಗಿಲಿನಿಂದಲೇ ಹೋದವಳು. ಅವಳ ಚಾದ ಲೋಟ ಬೇರೆ ಇತ್ತು, ಬಚ್ಚಲಿನ ಕಂಡಿಯಲ್ಲಿ ಇರುತ್ತಿತ್ತು. ನೀನು ಸೇರು ಒದ್ದು ಮುಂಬಾಗಿಲಿನಿಂದ ಒಳಗೆ ಬಂದರೆ, ಅವಳು ಬೀಗಿತ್ತಿಯಾಗಿ ನಮ್ಮ ಚಾವಡಿಯಲ್ಲಿ ಎಲ್ಲಿ ಕುಳಿತುಕೊಳ್ಳಬೇಕು ಎಂದು ನಾನು ತುಂಬ ಯೋಚಿಸಿದೆ. ಯಾವ ಕುರ್ಚಿಯೂ ಕಾಣಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿರಲಿಲ್ಲ. ನಿನ್ನ ದನಿ ನನಗೆ ಬೇಕಿತ್ತು, ಆದರೆ ಸ್ಟುಡಿಯೋದಲ್ಲಿ ಬೇಕಿತ್ತು.

ಉಜ್ವಲ್ ಮೂರು ತಿಂಗಳು ಸರಿಯಾಗಿ ಉಣ್ಣಲಿಲ್ಲ ಎಂದು ಅವನ ಜೊತೆಗಿದ್ದ ಉಪ್ಪಳದ ಉನೈಸ್ ಆಮೇಲೆ ಹೇಳಿದ್ದ. ಗಂಡು ಮಕ್ಕಳಿಗೆ ಅದೆಲ್ಲ ವಾಸಿಯಾಗುತ್ತದೆ ಎಂದುಕೊಂಡೆ. ವಾಸಿಯಾಯಿತು ಕೂಡ. ಮದುವೆಗೆ ಒಪ್ಪಿದ, ಅವನ ಮದುವೆ ಹಾಡನ್ನು ನಾನೇ ಬರೆದೆ. ಈಗ ತೃಪ್ತಿಗೆ ಐದು ತಿಂಗಳು ತುಂಬಿತು. ಸೀಮಂತಕ್ಕೆ ನಿನ್ನನ್ನು ಕರೆಸಿ ಹಾಡಿಸಬೇಕಂತೆ ಇವಳ ಆಸೆ. ಈ ಹುಡುಗಿ ನಿನಗೇನೂ ಮಾಡಿಲ್ಲ. ಇವಳ ಮುಖ ನೋಡಿ ಬಿಡು. ಕೈ ಮುಗಿಯುತ್ತೇನೆ. ಪ್ರಾಸ ಹಾಕಿ ಅಲ್ಲ, ಸುಮ್ಮನೆ.

ದಮಯಂತಿ


ಮಂಗಳೂರು
5 ಡಿಸೆಂಬರ್ 2024

ದಮಯಂತಿಯವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯುವುದಕ್ಕಿಂತ ಮೂವತ್ತನೇ ತಾರೀಕಿನ ತನಕ ಕಾಯೋಣ ಎಂದುಕೊಂಡೆ. ಬರುತ್ತೀರೋ ಇಲ್ಲವೋ ನೋಡಬೇಕಿತ್ತು. ಬಂದಿರಿ.

ಮೊದಲ ಸಾಲಿನಲ್ಲಿ ಕುರ್ಚಿಗಳನ್ನು ನಾನೇ ಹಾಕಿಸಿದ್ದೆ. ಒಂದರಲ್ಲಿ ನನ್ನ ಅಮ್ಮ. ಅವಳ ಪಕ್ಕದ್ದು ನಿಮಗೆ, ಅದರಾಚೆಯದು ನಿಮ್ಮ ಸೊಸೆಗೆ. ಅಮ್ಮ ನಿಮ್ಮನ್ನು ಕಂಡು ಎದ್ದು ನಿಂತಳು, ಹಳೆಯ ಅಭ್ಯಾಸ. ನೀವು ಕುಳಿತ ಮೇಲೇ ಅವಳು ಕುಳಿತದ್ದು. ಅವಳಿಗೆ ನಾನು ಏನೂ ಹೇಳಿಲ್ಲ.

ಆಮೇಲೆ ನಾನು ಮೈಕಿನಲ್ಲಿ, "ನನ್ನನ್ನು ನಾನಾಗಿ ಮಾಡಿದ ಹಾಡಿನ ಮೊದಲ ನಾಲ್ಕು ಸಾಲು ಬರೆದವರು ಇಲ್ಲಿದ್ದಾರೆ, ದಮಯಂತಿ ಲೋಕನಾಥ, ಬಿ.ಎ." ಎಂದು ಕರೆದೆ. ಬೇಡ, ಸುಡು, ಕೈ ಮುಗಿಯುತ್ತೇನೆ ಎಂದು ಬರೆದವರು ನೀವು. ಕುಳಿತಲ್ಲೇ ಕುಳಿತಿದ್ದರೆ ನಾನು ಮುಂದಿನ ಹಾಡಿಗೆ ಹೋಗಿಬಿಡುತ್ತಿದ್ದೆ. ದೇವರಾಣೆ, ಎರಡನೇ ಹಾಳೆಯನ್ನು ಹರಿಯುತ್ತಿದ್ದೆ. ಹಾಗೆಂದು ಸಜ್ನಾಳ ಹತ್ತಿರ ಬೆಟ್ ಕಟ್ಟಿದ್ದೆ.

ಚಪ್ಪಾಳೆ ಎದ್ದಿತು. ನೀವೂ ಎದ್ದಿರಿ. ಸೆರಗು ಸರಿಮಾಡಿಕೊಂಡು ಮೂರೂ ದಿಕ್ಕಿಗೆ ತಿರುಗಿ ಕೈ ಮುಗಿದಿರಿ. ನಾಲ್ಕನೇ ದಿಕ್ಕಿಗೆ ವೇದಿಕೆ ಇತ್ತು, ಅಲ್ಲಿ ನಾನಿದ್ದೆ. ನೀವು ಅತ್ತ ತಿರುಗಲಿಲ್ಲ. ನಗುತ್ತಿದ್ದಿರಿ, ದಮಯಂತಿಯವರೆ. ಅಷ್ಟು ಚೆಂದದ ನಗು ನಿಮ್ಮ ಮುಖದಲ್ಲಿ ನಾನು ಕಂಡದ್ದೇ ಇಲ್ಲ.

ತೃಪ್ತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಮುಗಿದ ಮೇಲೆ ಹಿಂದೆ ಬಂದು, "ಅಕ್ಕ, ನಿಮ್ಮನ್ನು ಬಿಟ್ಟ ಆ ಹುಡುಗ ಈಗ ಎಲ್ಲಿದ್ದಾನೆ?" ಎಂದು ಕೇಳಿದಳು. "ದೂರ ಇದ್ದಾನೆ" ಎಂದೆ. "ಇರಲಿ, ಅವನಿಗೆ ತಕ್ಕದ್ದೇ ಆಗಲಿ" ಎಂದು ನನ್ನ ಕೈ ಒತ್ತಿದಳು. ಒಳ್ಳೆಯ ಹುಡುಗಿ. ಸೆಲ್ಫಿ ತೆಗೆದುಕೊಂಡಳು.

ನಾನು ಉಜ್ವಲನಿಗೆ ಫೋನ್ ಮಾಡುವುದಿಲ್ಲ. ಮಾಡಿದರೆ ಅವನು ಒಳ್ಳೆಯವನಾಗಿಬಿಡುತ್ತಾನೆ. ವಾರಕ್ಕೊಂದು ಚೀಲ ಕಾಗದ ಬರೆಯುವ ಹುಡುಗಿಯರಿಗೆ ನಾನು ಏನು ಹೇಳಲಿ, ಅವನು ಬಿಟ್ಟೇ ಇರಲಿಲ್ಲ, ಅಂಚೆಯಲ್ಲಿ ಎಡವಟ್ಟಾಗಿತ್ತು ಎಂದೇ? ಅವನು ಕೆಟ್ಟವನಾಗಿರುವಷ್ಟು ದಿನವೇ ಅವರಿಗೆ ಎರಡನೇ ಚರಣದಲ್ಲಿ ಕಮ್ಮಿಯಾಗುವುದು. ನನಗೂ ಹಾಗೇ ಆಗುತ್ತಿತ್ತು. ನವೆಂಬರ್ ಎಂಟರಿಂದ ಆಗುತ್ತಿಲ್ಲ.

ಆದರೆ ನಿಮ್ಮ ಎರಡನೇ ಪದ್ಯ ಸುಮ್ಮನೆ ಕಪಾಟಿನಲ್ಲಿ ಕೊಳೆಯುವಂಥದ್ದಲ್ಲ. ರಾಗ ಹಾಕಿದ್ದೇನೆ. ಹೆಸರು 'ಹಾಕಿದೆ ಬೀಗ'. ಜನವರಿ ಒಂದಕ್ಕೆ ಬಿಡುಗಡೆ. ನೀವು ಸಹಿ ಹಾಕಿದ ಒಪ್ಪಂದದಂತೆ ಹಾಡು ಶುರುವಾಗುವ ಮೊದಲೇ ಪರದೆಯ ತುಂಬ ದೊಡ್ಡದಾಗಿ ನಿಮ್ಮ ಹೆಸರು ಬರುತ್ತದೆ. ಯಾರು ಹೇಳಿದರೂ ತೆಗೆಯುವ ಹಾಗಿಲ್ಲ. ಹಡಗಿನವರು ಬಂದರು ಸಿಕ್ಕಿದ ಕೂಡಲೇ ಮೊದಲು ಡೌನ್‌ಲೋಡ್ ಮಾಡುವುದು ಹಾಡುಗಳನ್ನಂತೆ.

ಮೋಕ್ಷಿತಾ


ಸಿಂಗಾಪುರ
2 ಫೆಬ್ರವರಿ 2025

ಅಮ್ಮ,

ಈ ಕಾಗದವನ್ನು ಉನೈಸ್ ತಂದು ಕೊಡುತ್ತಾನೆ. ಅವನ ಕಾಂಟ್ರಾಕ್ಟ್ ಮುಗಿಯಿತು. ನಾನು ಕನ್ನಡದಲ್ಲಿ ಇಷ್ಟು ಉದ್ದ ಬರೆಯುವುದು ಇದೇ ಮೊದಲು. ಕಾಗುಣಿತ ಅವನು ಹೇಳಿಕೊಟ್ಟ. ಬರೆದದ್ದು ನಾನೇ. ಎರಡು ದಿನ ಹಿಡಿಯಿತು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿನಗೆ ದಾಖಲೆ ಇಡುವ ಅಭ್ಯಾಸ.

ಮೆಸ್ಸಿನಲ್ಲಿ ಊಟ ಮಾಡುವಾಗ ಉನೈಸ್ ಹೊಸ ಹಾಡು ಹಾಕಿದ. "ಏ ನೋಡಾ, ನಿನ್ನ ಅಮ್ಮನ ಹೆಸರು!" ಎಂದು ಕೂಗಿದ. ಎಲ್ಲರೂ ತಟ್ಟೆ ಬಡಿದರು. ನಾನೂ ಬಡಿದೆ. ಆಮೇಲೆ ಹಾಡು ಶುರುವಾಯಿತು.

ಆ ಹಾಳೆ ನನ್ನ ಪಾಸ್‌ಪೋರ್ಟಿನ ಕವರಿನಲ್ಲಿ ನಾಲ್ಕು ವರ್ಷದಿಂದ ಇದೆ. ನಾನು ಹೊರಡುವ ಹಿಂದಿನ ದಿನ, "ಮೋಕ್ಷಿತಾ ಕೊಟ್ಟಳು, ಮುಂಬೈಯಲ್ಲಿ ಓದು" ಎಂದು ಉಪ್ಪಿನಕಾಯಿ ಡಬ್ಬಿಯ ಜೊತೆ ನೀನು ಕೊಟ್ಟದ್ದು. ಅಕ್ಷರ ಕೂಡಿಸಿ ಕೂಡಿಸಿ ಓದಿದ್ದೆ. ಒಂದೊಂದು ಸಾಲಿಗೆ ಒಂದೊಂದು ಗಂಟೆ ಆಯಿತು. ನನಗೆ ಬಾಯಿಪಾಠ ಬರುವ ಕನ್ನಡ ಪದ್ಯ ಅದೊಂದೇ. ಹಾಡು ಮುಗಿಯುವವರೆಗೆ ನಾನು ಅದನ್ನು ತೆಗೆದು ನೋಡುತ್ತಾ ಇದ್ದೆ. ಒಂದಕ್ಷರ ವ್ಯತ್ಯಾಸವಿರಲಿಲ್ಲ. ಆಮೇಲೆ ಹಿಂದೆ ಹೋಗಿ ಅವಳ ಮೊದಲಿನ ಹಾಡನ್ನೂ ಹಾಕಿದೆ. ಇಷ್ಟು ದಿನ ನಾನು ಅದನ್ನು ಕೇಳಿರಲಿಲ್ಲ. ಅವಳ ದನಿ ಬಂದರೆ ಹೊರಗೆ ಹೋಗುತ್ತಿದ್ದೆ. ಅದರಲ್ಲೂ ನಿನ್ನ ಹೆಸರು ಇತ್ತು. ಬಿಟ್ಟುಹೋದವನು ನಾನಂತೆ.

ಸಿಟ್ಟು ಬರಲಿಲ್ಲ. ಬಂದರೆ ಬರೆಯುತ್ತಿದ್ದೆ.

ಕಾಂಟ್ರಾಕ್ಟ್ ಮುಗಿದರೂ ನಾನು ಇಳಿಯುವುದಿಲ್ಲ. ಇಲ್ಲಿಂದಲೇ ಇನ್ನೊಂದು ಹಡಗು ಸಿಕ್ಕಿದೆ. ಅದು ಮುಗಿದರೆ ಇನ್ನೊಂದು. ತೃಪ್ತಿಯ ತಪ್ಪಿಲ್ಲ. ಆದರೆ ಅವಳನ್ನು ನೋಡಿ ಆರಿಸಿದ್ದು ನೀನು, ಮದುವೆ ಹಾಡು ಬರೆದದ್ದು ನೀನು, ಅವಳಿಗೆ ನಾನು ಏನು ಎಂದು ಹೇಳಿಕೊಟ್ಟದ್ದು ನೀನು. ಅದರೊಳಗೆ ನಾನು ಎಲ್ಲಿದ್ದೇನೆ ಎಂದು ಹುಡುಕಿದೆ, ಸಿಗಲಿಲ್ಲ. ಮಗು ಹುಟ್ಟಿದರೆ ಹೆಸರು ನೀನೇ ಇಡು. ಹೆಸರು ಸೇರಿಸುವುದು ನಿನ್ನ ಕೆಲಸ.

ಈಗ ನನ್ನದೊಂದು ಆರ್ಡರ್. ನಿನ್ನ ಫಾರಂ ನನಗೆ ನೆನಪಿದೆ.

ಯಾರಿಗೆ: ತೃಪ್ತಿ.
ಯಾರ ಪರವಾಗಿ: ಉಜ್ವಲ್.
ವಿಷಯ: ಬಿಟ್ಟೆ.
ಕೀಟಲೆಗೆ ಒಂದು ಅಭ್ಯಾಸ: ಬಟ್ಟೆ ಮಡಚುವಾಗ ಹಾಡು ಕೇಳುತ್ತಾಳೆ.

ಚೆಂದ ಮಾಡಿ ಬರೆ. ಮೊದಲಿನವಳಿಗೆ ಬರೆದದ್ದಕ್ಕಿಂತ ಕಡಿಮೆಯಾಗುವುದು ಬೇಡ. ಬರೆದು ನೀನೇ ಅವಳ ಕೈಗೆ ಕೊಡು, ಕೊಟ್ಟು ಅಭ್ಯಾಸ ಇದೆ. ಈ ಸಲ ಹಾಳೆ ಒಂದೇ, ಅಪ್ಪನಿಗೂ ಕಷ್ಟವಿಲ್ಲ.

ಅಡಿಯಲ್ಲಿ ನನ್ನ ಹೆಸರು ಬೇಡ. ನಿನ್ನದೇ ಹಾಕು. ಬಿ.ಎ. ಬಿಡಬೇಡ.

ಉಜ್ವಲ್